ತಕ್ಕಡಿ ಯಾರ ಕೈಯಲ್ಲಿ?
(ನಿಪ್ಪಾಣಿಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ನಿಪ್ಪಾಣಿಯಲ್ಲಿ ತಂಬಾಕು ಮಾರಿದವರಿಗೆ, ಉಗಾರದ ಕಾರಖಾನೆಗೆ ಕಬ್ಬು ಕಳಿಸಿದವರಿಗೆ ಕಾಟಾದ ತಕರಾರು ಹೊಸದಲ್ಲ. ಕೊಳ್ಳುವವನು ತನ್ನ ಕಾಟಾ ತಾನೇ ನೋಡಿ 'ಸರಿಯಿದೆ' ಎಂದರೆ ಮಾರುವವನು ಒಪ್ಪುವದಿಲ್ಲ. ಮಾರುವವನ ಬೀಗರು ಬಂದು ನೋಡಿದರೆ ಕೊಳ್ಳುವವನು ಒಪ್ಪುವದಿಲ್ಲ. ಇಷ್ಟು ಸರಳವಾದ ಮಾತು ಮುಖ್ಯಮಂತ್ರಿಯ ಚೌಕಶಿ ಬಂದಾಗ ಮಾತ್ರ ನಮ್ಮ ಜನಕ್ಕೆ ಮರೆತುಹೋಗುತ್ತದೆ. ಚಹದ ಅಂಗಡಿಯಲ್ಲಿ ಒಬ್ಬ 'ಕಳ್ಳ' ಎನ್ನುತ್ತಾನೆ, ಇನ್ನೊಬ್ಬ 'ದಿಲ್ಲಿಯವರ ಸಂಚು' ಎನ್ನುತ್ತಾನೆ. ವರದಿ ಓದಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ.

1977ರ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಆ ವರ್ಷ ಮಾರ್ಚಿನಲ್ಲಿ ಇಂದಿರಾ ಗಾಂಧಿಯವರು ಸೋತು ದಿಲ್ಲಿಯಲ್ಲಿ ಜನತಾ ಸರಕಾರ ಬಂತು. ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ದೇವರಾಜ ಅರಸರೇ ಮುಖ್ಯಮಂತ್ರಿ. ಅವರ ಮೇಲೆ ಭ್ರಷ್ಟಾಚಾರ, ಸ್ವಜನ ಪಕ್ಷಪಾತದ ಆರೋಪಗಳು ದಿಲ್ಲಿಗೆ ಹೋದವು. ದಿಲ್ಲಿ ಕೈ ಹಾಕುವ ಮೊದಲೇ, ಮೇ 18ಕ್ಕೆ, ರಾಜ್ಯ ಸರಕಾರವೇ ನಿವೃತ್ತ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನರ ಆಯೋಗವನ್ನು ನೇಮಿಸಿತು. ಇದರಲ್ಲೊಂದು ಜಾಣತನವಿತ್ತು. 1952ರ ವಿಚಾರಣಾ ಆಯೋಗಗಳ ಕಾಯದೆಯಂತೆ, ಒಂದು ವಿಷಯದ ಮೇಲೆ ರಾಜ್ಯದ ಆಯೋಗ ಕೆಲಸ ಮಾಡುತ್ತಿರುವಾಗ ಅದೇ ವಿಷಯಕ್ಕೆ ಕೇಂದ್ರವು ಬೇರೆ ಆಯೋಗ ನೇಮಿಸುವಂತಿಲ್ಲ. ಕೇಂದ್ರದವರೇನು ಕಡಿಮೆ? ಐದೇ ದಿನಕ್ಕೆ, ಮೇ 23ರಂದು, ರಾಜ್ಯದ ಪಟ್ಟಿಯಲ್ಲಿ ಇಲ್ಲದ ವಿಷಯಗಳನ್ನು ಹಿಡಿದು ನಿವೃತ್ತ ನ್ಯಾಯಮೂರ್ತಿ ಎ. ಎನ್. ಗ್ರೋವರರ ಆಯೋಗ ನೇಮಿಸಿದರು. ಈ ಗ್ರೋವರರು 1973ರಲ್ಲಿ ಇಂದಿರಾ ಸರಕಾರ ತಮ್ಮ ಹಿರಿತನವನ್ನು ದಾಟಿ ಬೇರೆಯವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ಸುಪ್ರೀಮ್ ಕೋರ್ಟಿಗೆ ರಾಜೀನಾಮೆ ಕೊಟ್ಟವರು.

ಒಬ್ಬನ ಮೇಲೆ ಎರಡು ಕಾಟಾ. ಒಂದನ್ನು ಆರೋಪಿತರು ನಡೆಸುವ ಸರಕಾರ ನೇಮಿಸಿತ್ತು, ಇನ್ನೊಂದನ್ನು ಅವರ ವಿರೋಧಿಗಳ ಸರಕಾರ ನೇಮಿಸಿತ್ತು.

ರಾಜ್ಯ ಸರಕಾರ ಸುಪ್ರೀಮ್ ಕೋರ್ಟಿಗೆ ಹೋಯಿತು. ಮುಖ್ಯಮಂತ್ರಿ ಉತ್ತರ ಹೇಳಬೇಕಾದದ್ದು ವಿಧಾನಸಭೆಗೆ, ದಿಲ್ಲಿಗಲ್ಲ ಎಂಬುದು ವಾದ. ಹಗುರವಾದ ವಾದವಲ್ಲ ಅದು. ದಿಲ್ಲಿಯಲ್ಲಿ ಕುಳಿತವರು ಬೇಡವಾದ ಮುಖ್ಯಮಂತ್ರಿಯ ಹಿಂದೆಲ್ಲ ಆಯೋಗ ಬಿಡುತ್ತ ಹೋದರೆ ರಾಜ್ಯಗಳ ಗತಿಯೇನು? ಆದರೆ ವಿಧಾನಸಭೆಯ ಬಹುಮತ ಮುಖ್ಯಮಂತ್ರಿಯ ಕೈಯಲ್ಲೇ ಇದ್ದಾಗ ಅಲ್ಲಿ ಕೇಳುವವರು ಯಾರು? 1977ರ ನವೆಂಬರ 8ಕ್ಕೆ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ರಾಜ್ಯದ ದಾವೆಯನ್ನು ತಳ್ಳಿಹಾಕಿತು. ಡಿಸೆಂಬರ 31ಕ್ಕೆ ಅರಸರ ಸರಕಾರವನ್ನೇ ತೆಗೆದು ರಾಷ್ಟ್ರಪತಿ ಆಡಳಿತ ಹೇರಲಾಯಿತು. 1978ರ ಫೆಬ್ರುವರಿಯ ಚುನಾವಣೆಯಲ್ಲಿ ಜನ ಇಂದಿರಾ ಕಾಂಗ್ರೆಸ್ಸಿಗೆ 224ರಲ್ಲಿ 149 ಸ್ಥಾನ ಕೊಟ್ಟು ಅರಸರನ್ನು ಮತ್ತೆ ಕೂಡ್ರಿಸಿದರು. ಗ್ರೋವರ್ ಆಯೋಗವಾದರೋ ಮುಂದೆ ಕೆಲವು ಆರೋಪಗಳನ್ನು ಎತ್ತಿಹಿಡಿಯಿತು. ಆಯೋಗಕ್ಕೆ ಶಿಕ್ಷೆ ವಿಧಿಸುವ ಅಧಿಕಾರವಿಲ್ಲ.

ಇಲ್ಲೇ ನಮ್ಮ ಬಡವರ ಕಠಿಣ ಪ್ರಶ್ನೆ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ನಮೂನೆ 7 ತುಂಬಿಕೊಟ್ಟು ಹೊಲ ಪಡೆದ ಒಕ್ಕಲಿನವನು 'ನನಗೆ ಭೂಮಿ ಕೊಟ್ಟವರ ಮೇಲೆ ಎಂಥ ಚೌಕಶಿ?' ಎಂದರೆ ಅವನನ್ನು ಮೂರ್ಖ ಎನ್ನಲಾಗದು. ಅವನ ಉಪಕಾರಸ್ಮರಣೆ ನ್ಯಾಯವಾದದ್ದೇ. ಆದರೆ ಅಂಗಡಿಕಾರ ಮಿತ್ರರೇ, ನಿಮ್ಮ ಗುಮಾಸ್ತ ಹತ್ತು ವರ್ಷ ಚೆನ್ನಾಗಿ ದುಡಿದನೆಂದು ಗಲ್ಲೆಯ ಲೆಕ್ಕ ನೋಡುವದನ್ನು ಬಿಡುತ್ತೀರಾ? ದುಡಿಮೆಗೆ ಮೆಚ್ಚುಗೆ ಬೇರೆ, ಲೆಕ್ಕ ಬೇರೆ. ಓಟು ಬಿದ್ದರೆ ಅಧಿಕಾರ ಸಿಗುತ್ತದೆ, ರಸೀದಿ ಸಿಗುವದಿಲ್ಲ.

ಇನ್ನು ಸಮಾಜವಾದಿಗಳ ಮಾತು. ಆ ವರ್ಷ ಸಮಾಜವಾದಿ ಪಕ್ಷ ಜನತಾ ಪಕ್ಷದಲ್ಲಿ ಸೇರಿತ್ತು. ಅರಸರ ಆಡಳಿತದಲ್ಲಿ ಬೆಂಗಳೂರು ಜೈಲಿನಲ್ಲಿ ನರಳಿ, 1977ರ ಜನೇವರಿಯಲ್ಲಿ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡ ಸ್ನೇಹಲತಾ ರೆಡ್ಡಿಯವರ ನೆನಪು ಹಸಿಯಾಗಿತ್ತು. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೂ ಸಿಟ್ಟಿದ್ದವನ ಕೈಗೆ ತಕ್ಕಡಿ ಕೊಡಬಾರದೆಂದೇ ನಾವು ಹೇಳುವದು.

ಅಮೇರಿಕೆಯ ಕಥೆಯೂ ಬೇರೆಯಲ್ಲ. ಅಧ್ಯಕ್ಷ ನಿಕ್ಸನ್ನರು ತಮ್ಮ ಚೌಕಶಿ ನಡೆಸುತ್ತಿದ್ದ ವಿಶೇಷ ವಕೀಲ ಕಾಕ್ಸರನ್ನು 1973ರ ಅಕ್ಟೋಬರ 20ಕ್ಕೆ ಕೆಲಸದಿಂದ ತೆಗೆಸಿದರು. ಕೊನೆಗೆ 1974ರ ಆಗಸ್ಟಿನಲ್ಲಿ ತಾವೇ ಕುರ್ಚಿ ಬಿಟ್ಟರು. 2017ರಲ್ಲಿ ಟ್ರಂಪರ ಕಾಲಕ್ಕೆ ಮುಲ್ಲರರನ್ನು ನೇಮಿಸಿದಾಗ, 2019ರಲ್ಲಿ ವರದಿ ಬರುವವರೆಗೂ ಅಲ್ಲಿಯ ಜನ ಪಕ್ಷ ನೋಡಿಯೇ ತೀರ್ಪು ಹೇಳಿಬಿಟ್ಟಿದ್ದರು.

ನಮ್ಮಲ್ಲಿ 1984ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ ಲೋಕಾಯುಕ್ತ ಕಾಯದೆ ಮಾಡಿತು. 2011ರ ಜುಲೈದಲ್ಲಿ ಸಂತೋಷ ಹೆಗ್ಡೆಯವರ ಗಣಿ ವರದಿ ಬಂದು ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಕಾಂಗ್ರೆಸ್ಸು ಲೋಕಾಯುಕ್ತವನ್ನು ಹೊಗಳಿತು. ಮುಂದೆ ಸಿ.ಬಿ.ಐ. ಹೂಡಿದ ಪ್ರಕರಣದಲ್ಲಿ 2016ರಲ್ಲಿ ವಿಶೇಷ ಕೋರ್ಟು ಅವರನ್ನು ಖುಲಾಸೆ ಮಾಡಿತು. ಅದೇ 2016ರಲ್ಲಿ ಕಾಂಗ್ರೆಸ್ಸಿನ ಸಿದ್ದರಾಮಯ್ಯನವರ ಸರಕಾರ ಲೋಕಾಯುಕ್ತ ಪೊಲೀಸರ ತನಿಖೆಯ ಅಧಿಕಾರ ಕಿತ್ತು ಎ.ಸಿ.ಬಿ. ಎಂಬ ಹೊಸ ದಳಕ್ಕೆ ಕೊಟ್ಟಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಿತು. 2024ರಲ್ಲಿ ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆಯೇ ರಾಜ್ಯಪಾಲರು ಅನುಮತಿ ಕೊಟ್ಟರು. ಸಪ್ಟೆಂಬರ 24ಕ್ಕೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಎರಡೇ ದಿನಕ್ಕೆ ಮಂತ್ರಿಮಂಡಲ ಸಿ.ಬಿ.ಐ.ಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು. 2011ರಲ್ಲಿ ಒಂದು ಪಕ್ಷ ಆಡಿದ ಮಾತನ್ನು ಈಗ ಇನ್ನೊಂದು ಪಕ್ಷ ಆಡಿತು. ಪಾತ್ರ ಬದಲಾದರೂ ಸಂಭಾಷಣೆ ಹಳೆಯದೇ! ತನಿಖೆ ಮಾಡಿದ ಲೋಕಾಯುಕ್ತ ಪೊಲೀಸರು 2025ರ ಫೆಬ್ರುವರಿಯಲ್ಲಿ ಸಾಕ್ಷ್ಯವಿಲ್ಲವೆಂದರು. ಒಂದು ಪಕ್ಷಕ್ಕೆ ಅದು ನ್ಯಾಯ, ಇನ್ನೊಂದಕ್ಕೆ ನಾಟಕ.

ಆ ವರದಿ ನಿಜವೋ ಸುಳ್ಳೋ ಎಂದು ಈ ಕಟ್ಟೆಯ ಮೇಲೆ ನಿಂತು ನಾವು ಹೇಳುವದಿಲ್ಲ. ಆದರೆ ಲೋಕಾಯುಕ್ತದ ಪೊಲೀಸ ಅಧಿಕಾರಿ ಎರವಲು ಬರುವದು ರಾಜ್ಯ ಸರಕಾರದಿಂದ, ತಿರುಗಿ ಹೋಗುವದೂ ಅದೇ ಸರಕಾರಕ್ಕೆ. ಅವನ ಬದಲಿ, ಬಡ್ತಿ ಯಾರ ಕೈಯಲ್ಲಿವೆಯೋ ಅವರ ಮೇಲೆ ಅವನು ಚೌಕಶಿ ಮಾಡಬೇಕು. ಯಾವ ಪಕ್ಷ ಬಂದರೂ ಈ ಗಂಟು ಬಿಚ್ಚಲಿಲ್ಲ.

ಆದ್ದರಿಂದ ಒಂದು ಮನವಿ ಬರೆದಿದ್ದೇವೆ. ಲೋಕಾಯುಕ್ತದ ಒಪ್ಪಿಗೆ ಇಲ್ಲದೆ ಅಲ್ಲಿಯ ಅಧಿಕಾರಿಯನ್ನು ಬದಲಿಸಬಾರದು. ಆಯೋಗದ ವರದಿಯನ್ನು ಕಾಯದೆ ಹೇಳುವ 6 ತಿಂಗಳೊಳಗೆ ಸದನದಲ್ಲಿಟ್ಟು, ಕನ್ನಡದಲ್ಲಿ ಅಚ್ಚು ಮಾಡಿಸಿ ತಾಲೂಕಾ ವಾಚನಾಲಯಗಳಿಗೆ ಕಳಿಸಬೇಕು. ಚಿಕ್ಕೋಡಿ, ರಾಯಬಾಗದ ಮಿತ್ರರು ಇಲ್ಲೇ ಇದ್ದಾರೆ; ಅಥಣಿ, ಕಾಗವಾಡಕ್ಕೆ ಪ್ರತಿ ಒಯ್ಯುವವರು ಸಭೆ ಮುಗಿದ ಮೇಲೆ ನಮ್ಮನ್ನು ಕಾಣಬೇಕು. ಸಹಿ ಹಾಕುವವನ ಪಕ್ಷ ಯಾವದೆಂದು ಕೇಳುವದು ಬೇಡ.