ಅಡಿಟಿಪ್ಪಣಿಯೂ ಸೆರೆಮನೆಯೂ



ಇತಿಹಾಸದ ಬಗ್ಗೆ ಸುಳ್ಳು ಹೇಳಿದವರನ್ನು, ನಮ್ಮ ಮನಸ್ಸಿಗೆ ಘಾಸಿಯಾಗುವಂತೆ ಬರೆದವರನ್ನು ಜೈಲಿಗೆ ಹಾಕಬೇಕೇ ಎಂಬುದು ಈ ಸಂಜೆಯ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಡ. ಜನರ ಮೇಲೆ ಕೈಮಾಡಿ ಎಂದು ಪ್ರಚೋದಿಸಿದವರಿಗೆ ಶಿಕ್ಷೆಯಾಗಲಿ. ಸುಳ್ಳು ಪತ್ರ ಸೃಷ್ಟಿಸಿ ಇನ್ನೊಬ್ಬರ ಆಸ್ತಿ ಹೊಡೆದವರಿಗೂ ಆಗಲಿ. ಆಗಿಹೋದ ಕಾಲದ ಬಗ್ಗೆ ತಪ್ಪಾಗಿ ಮಾತನಾಡಿದ್ದಕ್ಕೆ ಮಾತ್ರ ಬೇಡ. ಆದರೆ ಸುಲಭದ ಉದಾಹರಣೆಯೊಂದನ್ನು ಹಿಡಿದು ಈ ಮಾತು ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಇರುವುದರಲ್ಲೇ ಅತ್ಯಂತ ಕಠಿಣವಾದದ್ದನ್ನು ಎತ್ತಿಕೊಳ್ಳುತ್ತೇನೆ. ಹಿಟ್ಲರನ ಆಡಳಿತದಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದದ್ದು, ಅಂದರೆ ಹಾಲೊಕಾಸ್ಟ್, ನಿಜವೇ ಅಲ್ಲ ಎಂದು ಸಾಧಿಸಹೊರಟವರ ಸಂಗತಿ ಅದು.

ಡೇವಿಡ್ ಇರ್ವಿಂಗ್ ಬ್ರಿಟನ್ನಿನ ಲೇಖಕ. ಜರ್ಮನ್ ಭಾಷೆ ಚೆನ್ನಾಗಿ ಬಲ್ಲವನು, ದಾಖಲೆಗಳ ನಡುವೆ ವರ್ಷಗಟ್ಟಲೆ ಕೂತವನು. ಎರಡನೆಯ ಮಹಾಯುದ್ಧದ ಬಗ್ಗೆ ಅವನು ಬರೆದ ಪುಸ್ತಕಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು. 1993ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ತಮ್ಮ ಪುಸ್ತಕದಲ್ಲಿ, ಈತ ಹಾಲೊಕಾಸ್ಟ್ ನಿರಾಕರಿಸುವವರ ಪೈಕಿ ಅತ್ಯಂತ ಅಪಾಯಕಾರಿಗಳಲ್ಲಿ ಒಬ್ಬ ಎಂಬರ್ಥದಲ್ಲಿ ಬರೆದರು. 1996ರಲ್ಲಿ ಇರ್ವಿಂಗ್, ಲಿಪ್‌ಸ್ಟಾಟ್ ಅವರ ಮೇಲೂ ಪೆಂಗ್ವಿನ್ ಪ್ರಕಾಶನದ ಮೇಲೂ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಇಂಗ್ಲೆಂಡಿನ ಕಾನೂನಿನಲ್ಲಿ ಸಾಬೀತುಪಡಿಸುವ ಹೊಣೆ ಬರೆದವರದ್ದು. ಹಾಗಾಗಿ, ಇವನು ದಾಖಲೆಗಳನ್ನು ಬೇಕೆಂದೇ ತಿರುಚಿದ್ದಾನೆ ಎಂಬುದನ್ನು ಲಿಪ್‌ಸ್ಟಾಟ್ ಅವರೇ ತೋರಿಸಿಕೊಡಬೇಕಾಯಿತು.

ಅವರ ವಕೀಲರು ಆಗ ತೆಗೆದುಕೊಂಡ ಒಂದು ನಿರ್ಧಾರದ ಬಗ್ಗೆ ನನಗೆ ಬಹಳ ಗೌರವವಿದೆ. ನಾಜಿ ಯಾತನಾಶಿಬಿರಗಳಿಂದ ಬದುಕಿ ಬಂದ ಒಬ್ಬರನ್ನೂ ಅವರು ಸಾಕ್ಷಿಯಾಗಿ ಕರೆಸಲಿಲ್ಲ. ಇರ್ವಿಂಗ್ ತನ್ನ ವಾದವನ್ನು ತಾನೇ ಮಾಡುತ್ತಿದ್ದ. ಆ ವೃದ್ಧರನ್ನು ಕಟಕಟೆಯಲ್ಲಿ ನಿಲ್ಲಿಸಿ, ನೀವು ಹೇಳುವುದು ನಿಜವೇ ಎಂದು ಅವನಿಂದ ಕೇಳಿಸುವುದು ಅವರಿಗೆ ಬೇಡವಾಗಿತ್ತು. ಅದರ ಬದಲು ಕೇಂಬ್ರಿಡ್ಜಿನ ಇತಿಹಾಸಕಾರ ರಿಚರ್ಡ್ ಇವಾನ್ಸ್ ಅವರಿಗೆ, ಇರ್ವಿಂಗನ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಹಿಡಿದು ಮೂಲ ದಾಖಲೆಯವರೆಗೆ ಹೋಗಿ ನೋಡಿ ಎಂದರು. ಇವಾನ್ಸ್ ಮತ್ತು ಅವರ ಸಹಾಯಕರು ಸುಮಾರು ಎರಡು ವರ್ಷ ಅದೇ ಕೆಲಸ ಮಾಡಿದರು. ಅವರು ಕೊಟ್ಟ ವರದಿ 700 ಪುಟಗಳನ್ನು ಮೀರಿತು.

ಅದರಲ್ಲಿನ ಎರಡು ಸಂಗತಿ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಇಂಥ ವಿವರಗಳ ಮೇಲೇ ನಿಂತಿದೆ. 1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಜರ್ಮನಿಯ ಡ್ರೆಸ್ಡೆನ್ ನಗರವನ್ನು ಸುಟ್ಟವು. ಸತ್ತವರು 2,02,040 ಎಂದು ಹೇಳುವ ಪೊಲೀಸ್ ಆದೇಶವೊಂದರ ಪ್ರತಿಯನ್ನು ಇರ್ವಿಂಗ್ ಬಳಸಿಕೊಂಡಿದ್ದ. ಆಮೇಲೆ ನಿಜವಾದ ದಾಖಲೆ ಸಿಕ್ಕಿತು. ಅದರಲ್ಲಿ ಇದ್ದದ್ದು 20,204. ಯಾರೋ ಕೊನೆಗೊಂದು ಸೊನ್ನೆ ಸೇರಿಸಿದ್ದರು. 1966ರಲ್ಲಿ ಇರ್ವಿಂಗ್ ಪತ್ರಿಕೆಗೆ ಬರೆದು ಇದನ್ನು ಒಪ್ಪಿಕೊಂಡ. ಆದರೆ ಮುಂದಿನ ವರ್ಷಗಳಲ್ಲಿ ಮತ್ತೆ ದೊಡ್ಡ ಸಂಖ್ಯೆಗಳನ್ನೇ ಹೇಳುತ್ತ ಬಂದ. ಡ್ರೆಸ್ಡೆನ್ ನಗರವೇ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಹೇಳಿದ್ದು, ಹೆಚ್ಚೆಂದರೆ 25,000. ಇನ್ನೊಂದು, ಹಿಟ್ಲರನ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರನ ದೂರವಾಣಿ ಟಿಪ್ಪಣಿ. ಬರ್ಲಿನ್ನಿನಿಂದ ಹೊರಟಿದ್ದ ಯಹೂದಿಗಳ ಒಂದು ರೈಲಿನ ಬಗ್ಗೆ, ಕೊಲ್ಲುವುದು ಬೇಡ ಎಂದು 1941ರ ನವೆಂಬರ್ 30ರಂದು ಅವನು ಬರೆದುಕೊಂಡಿದ್ದ. ಇರ್ವಿಂಗ್ ಈ ಒಂದು ರೈಲಿನ ಮಾತನ್ನು ಇಡೀ ಯಹೂದಿ ಸಮುದಾಯಕ್ಕೆ ಹಿಗ್ಗಿಸಿದ; ಕೊಲೆ ನಿಲ್ಲಿಸಲು ಹಿಟ್ಲರನೇ ಅಪ್ಪಣೆ ಕೊಟ್ಟಿದ್ದ ಎಂದು ಬರೆದ. ಆ ರೈಲಿನಲ್ಲಿದ್ದ ಸುಮಾರು 1,000 ಜನರನ್ನು ಅದೇ ಬೆಳಿಗ್ಗೆ ರೀಗಾ ನಗರದ ಹೊರಗೆ ಗುಂಡಿಟ್ಟು ಕೊಂದಾಗಿತ್ತು.

ತಪ್ಪುಗಳನ್ನು ಎಲ್ಲ ಇತಿಹಾಸಕಾರರೂ ಮಾಡುತ್ತಾರೆ. ಆದರೆ ಅವು ಅತ್ತಲೂ ಇತ್ತಲೂ ಚೆದುರಿರುತ್ತವೆ. ಇರ್ವಿಂಗನ ಪ್ರತಿ ತಪ್ಪೂ ಹಿಟ್ಲರನ ಪರವಾಗಿಯೇ ವಾಲಿತ್ತು. 2000ದ ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ತೀರ್ಪು ಕೊಟ್ಟರು: ಈತ ಸಾಕ್ಷ್ಯವನ್ನು ಉದ್ದೇಶಪೂರ್ವಕವಾಗಿ ತಿರುಚಿದ್ದಾನೆ, ಹಾಲೊಕಾಸ್ಟನ್ನು ನಿರಾಕರಿಸುವವನು, ಯಹೂದಿದ್ವೇಷಿ. ಖರ್ಚಿನ ಹೊರೆಯೂ ಅವನ ತಲೆಗೇ ಬಂತು, 2002ರಲ್ಲಿ ದಿವಾಳಿಯಾದ. ಅವನ ಬಾಯಿಯನ್ನು ಯಾರೂ ಮುಚ್ಚಿಸಲಿಲ್ಲ. ಇತಿಹಾಸಕಾರನೆಂಬ ಅವನ ಹೆಸರು ಮಾತ್ರ ಆ ದಿನದ ನಂತರ ಉಳಿಯಲಿಲ್ಲ.

ಈಗ ವಿಯೆನ್ನಾಕ್ಕೆ ಬನ್ನಿ. ಆಸ್ಟ್ರಿಯಾದಲ್ಲಿ ನಾಜಿ ಪಕ್ಷ ಮತ್ತೆ ತಲೆಯೆತ್ತದಂತೆ 1947ರಲ್ಲಿ ಮಾಡಿದ ಕಾನೂನಿದೆ. ಅದಕ್ಕೆ 1992ರಲ್ಲಿ ನಿರಾಕರಣೆಯ ಅಪರಾಧವನ್ನು ಸ್ಪಷ್ಟವಾಗಿ ಸೇರಿಸಿದರು. 1989ರಲ್ಲಿ ಅಲ್ಲಿ ಮಾಡಿದ ಭಾಷಣಗಳಿಗಾಗಿ ಇರ್ವಿಂಗನನ್ನು 2005ರ ನವೆಂಬರಿನಲ್ಲಿ ಬಂಧಿಸಿದರು. 2006ರ ಫೆಬ್ರವರಿ 20ರಂದು ಮೂರು ವರ್ಷ ಸೆರೆ. ಅವನು ತಪ್ಪೊಪ್ಪಿಕೊಂಡ, ಹೊಸ ದಾಖಲೆ ಓದಿ ನನ್ನ ಅಭಿಪ್ರಾಯ ಬದಲಾಗಿದೆ ಎಂದ. ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಊರಿಗೆ ಮರಳಿದವನೇ, ಇನ್ನು ನಾನು ಪಶ್ಚಾತ್ತಾಪ ತೋರಿಸಬೇಕಾದ ಅಗತ್ಯವಿಲ್ಲ ಎಂದು ಘೋಷಿಸಿದ. ಲಂಡನ್ನಿನಲ್ಲಿ ಸುಳ್ಳುಗಾರನೆಂದು ಸಾಬೀತಾಗಿದ್ದವನು ವಿಯೆನ್ನಾದಲ್ಲಿ ಕೆಲವರ ಕಣ್ಣಿಗೆ ಹುತಾತ್ಮನಾಗಿ ಕಂಡ. ಅವನನ್ನು ಸೆರೆಗೆ ಹಾಕುವುದು ಬೇಡವೆಂದು ಆಗ ಬಹಿರಂಗವಾಗಿ ಹೇಳಿದವರಲ್ಲಿ ಲಿಪ್‌ಸ್ಟಾಟ್ ಅವರೂ ಇದ್ದರು. ಅವನಿಂದ ವರ್ಷಗಟ್ಟಲೆ ಕಾಟ ಅನುಭವಿಸಿದ ಹೆಣ್ಣುಮಗಳು ಆಡಿದ ಮಾತು ಅದು.

ಆಸ್ಟ್ರಿಯಾ, ಜರ್ಮನಿಗಳ ಕಾನೂನನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೊಲೆ ನಡೆದ ನೆಲ ಅದು. ಕೊಂದವರೂ ಬದುಕುಳಿದವರೂ ಅದೇ ಬೀದಿಗಳಲ್ಲಿ ಓಡಾಡಿದ ದೇಶಗಳು ಅವು. ಅಲ್ಲಿ ನಿರಾಕರಣೆ ಎಂದರೆ ಪಕ್ಷವನ್ನು ಮತ್ತೆ ಕಟ್ಟುವ ಮೊದಲ ಮೆಟ್ಟಿಲು ಎಂಬ ಭಯಕ್ಕೆ ಆಧಾರವಿತ್ತು. ನನ್ನ ಆತಂಕ ಬೇರೆ. ಈ ಆಯುಧ ಅದೇ ಕೈಯಲ್ಲಿ ಉಳಿಯುವುದಿಲ್ಲ.

1915ರಲ್ಲಿ ಆಟೊಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರ ನರಮೇಧ ನಡೆಯಿತು. ಇಸ್ತಾಂಬುಲಿನ 'ಆಗೋಸ್' ಪತ್ರಿಕೆಯ ಸಂಪಾದಕ ಹ್ರಾಂಟ್ ಡಿಂಕ್ ಆರ್ಮೇನಿಯನ್ ಮೂಲದವರು. ನಡೆದದ್ದನ್ನು ಟರ್ಕಿಯೊಳಗೇ ಕೂತು ಮಾತನಾಡಿದರು. 2005ರಲ್ಲಿ ಟರ್ಕಿಯ ನ್ಯಾಯಾಲಯ ಅವರಿಗೆ ಟರ್ಕಿತನವನ್ನು ಅವಮಾನಿಸಿದ ಅಪರಾಧ ಹೊರಿಸಿ ಆರು ತಿಂಗಳ ಅಮಾನತು ಶಿಕ್ಷೆ ಕೊಟ್ಟಿತು. ಕಾದಂಬರಿಕಾರ ಓರ್ಹಾನ್ ಪಾಮುಕ್ ಮೇಲೂ ಅದೇ ಕಾಲಕ್ಕೆ ಅಂಥದೇ ಮೊಕದ್ದಮೆ ನಡೆದು, ಆಮೇಲೆ ಕೈಬಿಡಲಾಯಿತು. ಇತ್ತ ಸ್ವಿಟ್ಜರ್ಲೆಂಡಿನಲ್ಲಿ, ನರಮೇಧ ಎಂಬುದು ಸುಳ್ಳು ಎಂದ ಟರ್ಕಿಯ ರಾಜಕಾರಣಿ ಡೋವು ಪೆರಿಂಚೆಕ್‌ಗೆ 2007ರಲ್ಲಿ ಶಿಕ್ಷೆಯಾಯಿತು. ಆ ಶಿಕ್ಷೆ ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2015ರಲ್ಲಿ ಹೇಳಿತು. ಒಂದೇ ಘಟನೆ. ಒಂದು ದೇಶದಲ್ಲಿ ಹೌದು ಎಂದವರು ಅಪರಾಧಿ, ಇನ್ನೊಂದರಲ್ಲಿ ಇಲ್ಲ ಎಂದವರು.

2006ರಲ್ಲಿ ಫ್ರಾನ್ಸಿನ ಸಂಸತ್ತು ಆರ್ಮೇನಿಯನ್ ನರಮೇಧದ ನಿರಾಕರಣೆಯನ್ನು ಅಪರಾಧ ಮಾಡಹೊರಟಾಗ ಡಿಂಕ್ ಅದನ್ನು ಬೆಂಬಲಿಸಲಿಲ್ಲ. ಈ ಕಾನೂನು ಬಂದರೆ ನಾನೇ ಫ್ರಾನ್ಸಿಗೆ ಹೋಗಿ, ನಾನು ನಂಬದಿದ್ದರೂ ನರಮೇಧ ನಡೆದಿಲ್ಲ ಎಂದು ಹೇಳಿ ಅದನ್ನು ಮುರಿಯುತ್ತೇನೆ ಎಂದರು. ಸತ್ಯ ಹೇಳಿ ಶಿಕ್ಷೆಗೆ ಒಳಗಾಗಿದ್ದವರು ಅವರು. ಅದೇ ಸತ್ಯಕ್ಕೆ ಪೊಲೀಸರ ಕಾವಲು ಬೇಡವೆಂದರು. 2007ರ ಜನವರಿ 19ರಂದು ಅವರನ್ನು ಪತ್ರಿಕಾ ಕಚೇರಿಯ ಎದುರೇ ಗುಂಡಿಟ್ಟು ಕೊಂದರು. ಅವರ ಮೇಲೆ ದೇಶದ್ರೋಹಿ ಎಂಬ ಗುರಿಯನ್ನು ಬರೆದು ಕೊಟ್ಟದ್ದು ಆ ತೀರ್ಪು ಎಂದೇ ನನ್ನ ಎಣಿಕೆ. ಯಾವುದೇ ದೇಶದ ಇತಿಹಾಸ ಕಾನೂನಿನ ಬಗ್ಗೆ ಓದಿದಾಗಲೂ ನನಗೆ ಮೊದಲು ನೆನಪಾಗುವವರು ಅವರು.

ಪೋಲೆಂಡ್ 2018ರಲ್ಲಿ, ನಾಜಿಗಳ ಅಪರಾಧದಲ್ಲಿ ಪೋಲಿಷ್ ರಾಷ್ಟ್ರಕ್ಕೂ ಪಾಲಿದೆ ಎನ್ನುವವರಿಗೆ ಮೂರು ವರ್ಷದವರೆಗೆ ಸೆರೆ ಎಂದು ಕಾನೂನು ಮಾಡಿತು. 1941ರ ಜುಲೈನಲ್ಲಿ ಯೆದ್ವಾಬ್ನೆ ಎಂಬ ಊರಿನಲ್ಲಿ ಯಹೂದಿಗಳನ್ನು ಕಣಜದೊಳಗೆ ಕೂಡಿಹಾಕಿ ಸುಟ್ಟವರಲ್ಲಿ ನೆರೆಮನೆಯ ಪೋಲಿಷ್ ಜನರೇ ಇದ್ದರು ಎಂಬುದು ದಾಖಲಾದ ಸಂಗತಿ. ಅದನ್ನು ಪತ್ರಿಕೆಯಲ್ಲಿ ಬರೆಯುವವರು ಇನ್ನು ವಕೀಲರನ್ನು ಕೇಳಿ ಬರೆಯಬೇಕಾದ ಸ್ಥಿತಿ ಬಂತು. ಹೊರಗಿನ ಒತ್ತಡಕ್ಕೆ ಕೆಲವೇ ತಿಂಗಳಲ್ಲಿ ಸೆರೆಯ ಭಾಗವನ್ನು ತೆಗೆದರು.

ನಮ್ಮ ಕಡೆಗೂ ಬರೋಣ. ಕನ್ನಡ ಶಾಸನಗಳನ್ನು ಓದಿದವರಿಗೆ ಕೂಟಶಾಸನ, ಅಂದರೆ ಖೋಟಾ ಶಾಸನ, ಹೊಸದಲ್ಲ. ಯಾವುದೋ ಹಳೆಯ ಅರಸನ ಹೆಸರಿನಲ್ಲಿ, ಎಷ್ಟೋ ತಲೆಮಾರಿನ ಮೇಲೆ ತಾಮ್ರಪಟ ಕೊರೆಸಿ ಭೂಮಿ ತಮ್ಮದೆಂದವರು ನಮ್ಮಲ್ಲಿಯೂ ಇದ್ದರು. ರಾಜನ ಹೆಸರಿನಲ್ಲಿ ಕೂಟಶಾಸನ ಮಾಡಿದವನಿಗೆ ಮನುಸ್ಮೃತಿ ಮರಣದಂಡನೆ ಹೇಳುತ್ತದೆ. ಅದು ವಂಚನೆ, ಭೂಮಿ ಕಳೆದುಕೊಳ್ಳುವವನು ಒಬ್ಬನಿದ್ದಾನೆ; ಇಂದಿಗೂ ಅದು ಅಪರಾಧವೇ, ಆಗಿರಲಿ. ಆದರೆ ನೂರಾರು ವರ್ಷಗಳ ಮೇಲೆ ಆ ಪಟ ವಿದ್ವಾಂಸರ ಮೇಜಿಗೆ ಬಂದಾಗ ಆದದ್ದೇ ಬೇರೆ. ಗಂಗರ ಎಷ್ಟೋ ತಾಮ್ರಪಟಗಳು ಕೂಟ ಎಂದರು ಶಾಸನತಜ್ಞ ಫ್ಲೀಟ್. 'ಎಪಿಗ್ರಾಫಿಯಾ ಕರ್ನಾಟಿಕಾ'ದ ರೈಸ್ ಒಪ್ಪಲಿಲ್ಲ. ಲಿಪಿ ಯಾವ ಕಾಲದ್ದು, ತಿಥಿಗೂ ವಾರಕ್ಕೂ ಹೊಂದುತ್ತದೆಯೇ, ವಂಶಾವಳಿ ಬೇರೆ ಶಾಸನಕ್ಕೆ ಕೂಡುತ್ತದೆಯೇ ಎಂದು ವರ್ಷಗಟ್ಟಲೆ ಜಗಳವಾಡಿದರು. ಆಮೇಲಿನವರು ಕೆಲವನ್ನು ಕೂಟವೆಂದೇ ಬದಿಗಿಟ್ಟರು, ಕೆಲವನ್ನು ಒಪ್ಪಿಕೊಂಡರು. ಕನ್ನಡ ನಾಡಿನ ಇತಿಹಾಸದ ಅಡಿಪಾಯದಲ್ಲಿ ಈ ಜಗಳವೂ ಇದೆ. ಫ್ಲೀಟರ ಸಂಶಯವನ್ನು ಗಂಗರಿಗೆ ಮಾಡಿದ ಅಪಮಾನವೆಂದು ಯಾರಾದರೂ ಠಾಣೆಗೆ ಒಯ್ದಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು.

ಇಂದು ಒಯ್ಯುತ್ತಾರೆ. ನಮ್ಮಲ್ಲಿ ನಿರಾಕರಣೆಯ ಕಾನೂನಿಲ್ಲ. ಭಾವನೆಗೆ ಧಕ್ಕೆಯಾದರೆ ಹಿಡಿಯುವ ಕಲಮುಗಳಿವೆ. ಹಳೆಯ ದಂಡ ಸಂಹಿತೆಯಲ್ಲಿದ್ದ ಧಾರ್ಮಿಕ ಭಾವನೆಯ 295ಎ ಬ್ರಿಟಿಷರ ಕಾಲದ 1927ರದ್ದು. ಹೊಸ ನ್ಯಾಯ ಸಂಹಿತೆಯಲ್ಲಿ ಅದರ ಸಂಖ್ಯೆ 299. ಗುಂಪುಗಳ ನಡುವೆ ದ್ವೇಷದ 153ಎ ಈಗ 196. ಜೇಮ್ಸ್ ಲೇನ್ ಶಿವಾಜಿಯ ಬಗ್ಗೆ 2003ರಲ್ಲಿ ಬರೆದ ಪುಸ್ತಕದಿಂದ ಮಹಾರಾಷ್ಟ್ರದಲ್ಲಿ ಸಿಟ್ಟೆದ್ದಿತು. 2004ರ ಜನವರಿ 5ರಂದು ಗುಂಪೊಂದು ಪುಣೆಯ ಭಂಡಾರ್ಕರ್ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಹಾಳುಮಾಡಿತು. ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ನಮಗೆ ಕೊಟ್ಟ ಸಂಸ್ಥೆ ಅದು. ಲೇಖಕನ ಮೇಲೂ ಪ್ರಕಾಶಕರ ಮೇಲೂ ಕ್ರಿಮಿನಲ್ ಮೊಕದ್ದಮೆ ದಾಖಲಾಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಪ್ರಕಾಶಕರ ಕಡೆಯವರ ಮೇಲಿನದನ್ನು ರದ್ದುಮಾಡಿತು. ಅದೇ ವರ್ಷ ಅದೇ ನ್ಯಾಯಾಲಯ, ಬಸವಣ್ಣನವರ ಕಾಲವನ್ನು ಕುರಿತ ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ನಮ್ಮ ಸರ್ಕಾರ ಮುಟ್ಟುಗೋಲು ಹಾಕಿದ್ದನ್ನು ಎತ್ತಿಹಿಡಿಯಿತು. ಆ ಆದೇಶವನ್ನು ಪ್ರಶ್ನಿಸಿ ಹೋಗಿದ್ದವರು ಬರಗೂರು ರಾಮಚಂದ್ರಪ್ಪನವರು. ಶರಣರ ಬಗ್ಗೆ ಭಕ್ತಿಯಿರುವವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ, ಅದು ಸಾಚಾ ನೋವು. ಆದರೆ ಆ ಪುಟಗಳಲ್ಲಿ ತಪ್ಪೇನಿದೆ, ವಚನಗಳೂ ಶಾಸನಗಳೂ ಏನು ಹೇಳುತ್ತವೆ ಎಂದು ನಾವು ಓದುಗರು ಕೂಡಿ ನೋಡುವ ಮೊದಲೇ ಪುಸ್ತಕ ಅಂಗಡಿಯಿಂದ ಹೋಗಿತ್ತು. ಮುಟ್ಟುಗೋಲಿನಿಂದ ಒಂದೇ ಒಂದು ಸಂಗತಿಯೂ ಇತ್ಯರ್ಥವಾಗಲಿಲ್ಲ.

ಮೊಬೈಲಿನಲ್ಲಿ ಸುಳ್ಳು ಗಂಟೆಯೊಳಗೆ ಊರು ಸುತ್ತುವಾಗ ಅಡಿಟಿಪ್ಪಣಿ ನೋಡುತ್ತ ಎರಡು ವರ್ಷ ಕೂರುವುದೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ಸೆರೆಮನೆ ಅದಕ್ಕಿಂತ ನಿಧಾನ: 1989ರ ಭಾಷಣಕ್ಕೆ ವಿಯೆನ್ನಾದ ಶಿಕ್ಷೆ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಸುಳ್ಳನ್ನು ನಿಜವಾಗಿ ಕೆಡವಿದ ತೀರ್ಪು ಬಂದು ಸುಮಾರು ಆರು ವರ್ಷವಾಗಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇತಿಹಾಸ ಗ್ರಂಥವೊಂದರ ಮೇಲೆ ದೂರು ಬಂದ ಕೂಡಲೇ ಎಫ್‌ಐಆರ್ ಹಾಕುವ ರೂಢಿ ನಿಲ್ಲಬೇಕು. ಬರಹ ಯಾರ ಮೇಲಾದರೂ ಕೈಮಾಡಲು ಕರೆಕೊಟ್ಟಿದೆಯೇ ಎಂಬುದನ್ನು ಮೊದಲು ನ್ಯಾಯಾಧೀಶರು ನೋಡಬೇಕು. ಮುಟ್ಟುಗೋಲು ಹಾಕುವ ಸರ್ಕಾರ, ಯಾವ ಪುಟದ ಯಾವ ಮಾತು ಯಾವ ದಾಖಲೆಗೆ ವಿರುದ್ಧ ಎಂದು ಕನ್ನಡದಲ್ಲಿ ಅಚ್ಚುಮಾಡಿ ಜನರ ಮುಂದಿಡಬೇಕು. ಈ ಸಂಘದವರಲ್ಲೂ ಒಂದು ವಿನಂತಿ: ನಮ್ಮ ನಾಡಿನ ಇತಿಹಾಸದ ಬಗ್ಗೆ ಮುಂದೆ ಯಾವುದಾದರೂ ಪುಸ್ತಕಕ್ಕೆ ವಿರೋಧ ಎದ್ದರೆ, ಬರೆದವರನ್ನೂ ವಿರೋಧಿಸುವವರನ್ನೂ ಶಾಸನ ಬಲ್ಲವರನ್ನೂ ಈ ವೇದಿಕೆಗೆ ಕರೆಸಿ. ಎಷ್ಟು ಸಂಜೆ ಬೇಕಾದರೂ ಹಿಡಿಯಲಿ, ನಾವು ಕೂತು ಕೇಳುತ್ತೇವೆ.