ನಾನು ಸೋತ ಪಾಠ
(ಸುವರ್ಣ ಮಹೋತ್ಸವದಲ್ಲಿ ಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣ)

ತಲೆ ನರೆತಿದ್ದರೂ ನನ್ನ ಕಣ್ಣಿಗೆ ಇನ್ನೂ ಹತ್ತನೇ ತರಗತಿಯವರಾಗಿಯೇ ಕಾಣುವ ನನ್ನ ಹಳೆಯ ವಿದ್ಯಾರ್ಥಿಗಳೇ,

ಶಾಲೆಯನ್ನು ಹೊಗಳಲು ಬೇರೆಯವರಿದ್ದಾರೆ. ನಾನು ಇಲ್ಲಿ ಸೋತ ಒಂದು ಪಾಠದ ಬಗ್ಗೆ ಹೇಳುತ್ತೇನೆ. ಅದು ಹಾವಿನ ಕಡಿತದ ಪಾಠ.

ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ನಾಲ್ಕು ಹೆಸರು ಬರೆಯುತ್ತಿದ್ದೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ಈ ನಾಲ್ಕಕ್ಕೂ ಆಗುವ ಒಂದೇ ಔಷಧ ಮಾಡುತ್ತಾರೆ ಎಂದು ವಿವರಿಸುತ್ತಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಮಾತ್ರ ಅದೇ ಮಕ್ಕಳು ಮಂತ್ರ ಹಾಕುವವರ ಮನೆಗೆ ಓಡುತ್ತಿದ್ದರು.

ಅಜ್ಞಾನ ಎಂದು ಬೈಯುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಜನ ಕಣ್ಣಾರೆ ಕಂಡದ್ದನ್ನೇ ನಂಬಿದ್ದರು. ಹೊಲಗದ್ದೆಯ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ಕೇರೆ ಹಾವನ್ನೇ ನೋಡಿ. ವಿಷದ ಹಾವು ಕಚ್ಚಿದಾಗಲೂ ಕೆಲವು ಸಲ ವಿಷ ಇಳಿದಿರುವುದಿಲ್ಲ. ಅಂಥವರು ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಬದುಕಿದವನು ಹತ್ತೂರಿಗೆ ಹೇಳಿಕೊಂಡು ಬರುತ್ತಾನೆ. ಸತ್ತವನು ಬಂದು ಸಾಕ್ಷಿ ಹೇಳುತ್ತಾನೆಯೇ? ಮಂತ್ರ ಹಾಕಿಸಿಯೂ ಸತ್ತರೆ ಅವನ ಆಯುಸ್ಸು ಅಷ್ಟೇ. ಅಲ್ಲಿಂದ ಕೊನೆಗಳಿಗೆಯಲ್ಲಿ ಆಸ್ಪತ್ರೆಗೆ ತಂದು ಸತ್ತರೆ, ಆಸ್ಪತ್ರೆಯಲ್ಲಿ ಸತ್ತ! ಇಂಥ ಲೆಕ್ಕದಲ್ಲಿ ಮಂತ್ರ ಸೋಲುವುದಾದರೂ ಹೇಗೆ?

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ಸಂಶೋಧಕರ ಅಂದಾಜು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಸತ್ತವರ ಸಾಕ್ಷಿಯೂ ಇನ್ನು ದಾಖಲಾಗಬಹುದು.

ಆದರೆ ಅಂಕಿ ಅಂಶ ಒಪ್ಪಿಸಿದರೆ ಸಾಕೆ? ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ನೆಲದ ಮೇಲೆ ಮಲಗಿದ್ದ ಹುಡುಗನಿಗೆ ರಾತ್ರಿ ಕಟ್ಟುಹಾವು ಕಚ್ಚಿತ್ತು. ಅದು ಕಚ್ಚಿದರೆ ಹೆಚ್ಚು ನೋವಿಲ್ಲ, ಬಾವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದ, ರೆಪ್ಪೆ ಜೋತುಬಿದ್ದವು. ಮಂತ್ರ ಹಾಕಿಸುವಷ್ಟರಲ್ಲಿ ಉಸಿರು ನಿಂತಿತು. ತಿಂಗಳಾದ ಮೇಲೆ ನಾನು ಹೋಗಿ ಅವನ ತಂದೆಗೆ, "ನೇರ ಆಸ್ಪತ್ರೆಗೆ ಕರಕೊಂಡು ಹೋಗಿದ್ದರೆ ಉಳೀತಿದ್ದ" ಎಂದೆ. ಅವರು ಎದ್ದು ಒಳಗೆ ಹೋದರು. ಮರುವರ್ಷ ಪಕ್ಕದ ಮನೆಯಲ್ಲಿ ಕಚ್ಚಿದಾಗ, ಮಂತ್ರ ಹಾಕಿಸಿ ಎಂದು ಎಲ್ಲರಿಗಿಂತ ಮೊದಲು ಹೇಳಿದವರು ಅವರೇ.

ಎಷ್ಟೋ ದಿನ ಇದು ನನಗೆ ಅರ್ಥವಾಗಲಿಲ್ಲ. ನನ್ನ ಮಾತು ನಿಜವೆಂದು ಒಪ್ಪಿದರೆ, ಮಗನನ್ನು ಕೈಯಾರೆ ಕಳಕೊಂಡೆ ಎಂದೂ ಒಪ್ಪಬೇಕಲ್ಲ! ಯಾವ ತಂದೆ ಒಪ್ಪಿಯಾನು? ಅವರು ಹಿಡಿದುಕೊಂಡಿದ್ದು ಮಂತ್ರವನ್ನಲ್ಲ.

ನನ್ನಿಂದಾಗದ್ದನ್ನು ನನ್ನ ಶಿಷ್ಯೆಯೊಬ್ಬಳು ಮಾಡಿದಳು. ನರ್ಸ್ ಆಗಿ ಊರಿಗೆ ಬಂದವಳು ಮಂತ್ರ ಹಾಕುವ ಅಜ್ಜನ ಮನೆಗೇ ಹೋದಳು. ವಾದ ಮಾಡಲಿಲ್ಲ. "ಅಜ್ಜಾ, ಮಂತ್ರ ಹಾಕು, ಬೇಡ ಅನ್ನಲ್ಲ. ಆಟೋದಲ್ಲಿ ಕೂತು ಹಾಕು. ಆಟೋ ಆಸ್ಪತ್ರೆ ಕಡೆ ಹೋಗ್ತಾ ಇರಲಿ" ಎಂದಳು. ಅಜ್ಜ ನಕ್ಕರಂತೆ. ಆಮೇಲೆ ಮೆಲ್ಲಗೆ, "ಕೆಲವು ನನ್ನ ಕೈಲಿ ಆಗಲ್ಲ ಅಂತ ನನಗೂ ಗೊತ್ತು ಕಣವ್ವ" ಎಂದರಂತೆ. ಅಲ್ಲಿಂದ ಮುಂದೆ ಅವರು ಆಟೋ ಹತ್ತಿದರು.

ಮೊನ್ನೆ ಈ ಸಮಾರಂಭದ ಆಹ್ವಾನ ಪತ್ರಿಕೆ ಕೊಡಲು ಆ ಹುಡುಗನ ಮನೆಗೆ ಹೋಗಿದ್ದೆ. ಹಾವಿನ ಮಾತು ಎತ್ತಲಿಲ್ಲ. ಅವನ ತಂದೆ ಕಾಫಿ ಕೊಟ್ಟರು. ಹೊರಡುವಾಗ ಕತ್ತಲಾಗಿತ್ತು. "ಟಾರ್ಚ್ ಹಿಡ್ಕೊಂಡು ಹೋಗಿ ಮೇಷ್ಟ್ರೇ" ಎಂದು ತಮ್ಮದನ್ನೇ ನನ್ನ ಕೈಗಿತ್ತರು.