ಗೊತ್ತಿದ್ದ ಕಥೆಯನ್ನು ಓದಿದ ವರ್ಷ

ಕನ್ನಡದಲ್ಲಿ ಸಾಹಿತ್ಯಾಭಿಮಾನಿ ಎನಿಸಿಕೊಳ್ಳುವುದಕ್ಕೆ ಗದುಗಿನ ಭಾರತವನ್ನು ಪೂರ್ತಿ ಓದಿರಬೇಕೆಂಬ ನಿಯಮವೇನೂ ಇಲ್ಲ. ಓದಿದವರಂತೆ ಮಾತನಾಡಲು ಬಂದರೆ ಸಾಕು. ಯಾರನ್ನೂ ಹಂಗಿಸುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಮೂವತ್ತು ವರ್ಷ ಹಾಗೆ ಮಾತನಾಡಿದವನು ನಾನೇ. ರಾಜ್ಯೋತ್ಸವದ ಸಭೆಗಳಲ್ಲಿ, ಸಂಘದ ವಾರ್ಷಿಕೋತ್ಸವಗಳಲ್ಲಿ, ಒಮ್ಮೊಮ್ಮೆ ಮದುವೆಮನೆಯ ಊಟದ ಪಂಕ್ತಿಯಲ್ಲಿಯೂ, ಕುಮಾರವ್ಯಾಸ ರೂಪಕಸಾಮ್ರಾಜ್ಯದ ಚಕ್ರವರ್ತಿ ಎಂದು ನಾನು ಸಾರಿದ್ದುಂಟು. ಆದರೆ ಆ ಸಾಮ್ರಾಜ್ಯದೊಳಗೆ ನಾನು ಕಾಲಿಟ್ಟಿದ್ದು ಪಠ್ಯಪುಸ್ತಕದ ಎರಡು ಮೂರು ಕಿಟಕಿಗಳ ಮೂಲಕ ಮಾತ್ರ: ಉತ್ತರಕುಮಾರನ ಪೌರುಷ, ದ್ರೌಪದಿಯ ಪ್ರಲಾಪ, ಕರ್ಣನ ಕಡೆಗಾಲ. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ, ಅಂದಿನ ಮೈಸೂರು ಸರ್ಕಾರ 1958ರಲ್ಲಿ ಸುಲಭ ಬೆಲೆಗೆ ಹೊರತಂದ ಪ್ರತಿ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಬಹುಕಾಲದಿಂದ ಇತ್ತು. ಬಂದವರು ಅದನ್ನು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಜಯನಗರ ನಾಲ್ಕನೆಯ ಬ್ಲಾಕಿನ ಬಳಿ, ಮಿತ್ರರೊಬ್ಬರ ಮನೆಯ ಮಹಡಿಯಲ್ಲಿ, ಭಾನುವಾರ ಸಂಜೆ ನಾವು ಕೆಲವರು ಸೇರಿ ಪುಸ್ತಕಗಳನ್ನು ಕುರಿತು ಮಾತನಾಡುವ ವಾಡಿಕೆಯಿತ್ತು. ಬನಶಂಕರಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಜೆ.ಪಿ. ನಗರದ ಹಿರಿಯ ಉಪಾಧ್ಯಾಯಿನಿಯೊಬ್ಬರು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದು ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುತ್ತಿದ್ದ ಹಾಸನದ ಕಡೆಯ ಹುಡುಗಿ, ಹೀಗೆ ಹನ್ನೊಂದು ಮಂದಿ. ಉಪಾಧ್ಯಾಯಿನಿಯವರನ್ನು ನಾವೆಲ್ಲ ಟೀಚರಮ್ಮ ಎಂದೇ ಕರೆಯುತ್ತಿದ್ದೆವು. 2023ರ ಅಕ್ಟೋಬರಿನಲ್ಲಿ ಆ ಹುಡುಗಿ ಒಂದು ಸಂಗತಿ ತಿಳಿಸಿದಳು. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯಲ್ಲಿ 361 ಅಧ್ಯಾಯಗಳಿವೆಯಂತೆ. ದಿನಕ್ಕೊಂದರಂತೆ ವರ್ಷವಿಡೀ ಓದಿ ಮುಗಿಸುವ ಪಂಥವನ್ನು ದೇಶವಿದೇಶದ ಓದುಗರು ಕಟ್ಟಿಕೊಳ್ಳುತ್ತಾರಂತೆ. ತಾನೂ ಒಂದು ವರ್ಷ ಹಾಗೆ ಓದಿದಳಂತೆ. "ಕನ್ನಡದಲ್ಲಿ ಅಂಥದ್ದು ಯಾವುದಿದೆ ಸರ್?" ಎಂದು ನನ್ನನ್ನೇ ಕೇಳಿದಳು. ನಾನು ಹಿಂದುಮುಂದು ನೋಡದೆ ಗದುಗಿನ ಭಾರತ ಎಂದುಬಿಟ್ಟೆ. ಪಂಪಭಾರತವೆಂದು ಒಬ್ಬರು ಸೂಚಿಸಿದರು. ಹಳಗನ್ನಡ ಕಷ್ಟ, ಕುಮಾರವ್ಯಾಸನಾದರೆ ನಡುಗನ್ನಡ, ಸಲೀಸಾಗಿ ಸಾಗುತ್ತದೆ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಓದದವನ ಧೈರ್ಯ ಅದು.

ಲೆಕ್ಕ ಹಾಕಿದವರು ಬ್ಯಾಂಕಿನವರು. ಹತ್ತು ಪರ್ವ, 152 ಸಂಧಿ, ಎಂಟು ಸಾವಿರಕ್ಕೆ ಮೀರಿದ ಪದ್ಯ. ವಾರಕ್ಕೆ ಮೂರು ಸಂಧಿಯಂತೆ ಓದಿದರೆ ಐವತ್ತೊಂದು ವಾರ. ಆ ವರ್ಷದ ವಿಜಯದಶಮಿ ಅಕ್ಟೋಬರ್ 24ಕ್ಕೆ, ಮರುವರ್ಷದ್ದು ಅಕ್ಟೋಬರ್ 12ಕ್ಕೆ. ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ವಾರಗಳು. ದಿನಕ್ಕೆ 23 ಪದ್ಯ ಬೀಳುತ್ತದೆ ಎಂದರು. ಇದಕ್ಕೆ ಪಣವೆಂದು ಹೆಸರಿಡೋಣವೆಂದಾಗ ಟೀಚರಮ್ಮ ಒಪ್ಪಲಿಲ್ಲ. ಪಣ ಕಟ್ಟಿದ ಧರ್ಮರಾಯನ ಕಥೆಯನ್ನೇ ಓದಹೊರಟು ಆ ಶಬ್ದ ಬೇಡ ಎಂದರು. ಪಂಥವೆಂದೇ ಉಳಿಯಿತು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುದ್ರಣವಿದ್ದುದರಿಂದ ಪುಟದ ಲೆಕ್ಕ ಬಿಟ್ಟು ಸಂಧಿಯ ಲೆಕ್ಕ ಹಿಡಿದೆವು. ಎರಡು ಸಂಧಿಗಳನ್ನು ಮನೆಯಲ್ಲಿ ಓದಿಬರುವುದು, ಮೂರನೆಯದನ್ನು ಭಾನುವಾರ ಕೂಡಿ ಓದುವುದು. ಓದಿದ್ದಕ್ಕೆ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ರುಜು ಹಾಕುವುದು. ಜೊತೆಗೆ, ವಾರಕ್ಕೊಬ್ಬರು ತಮ್ಮನ್ನು ತಡೆದು ನಿಲ್ಲಿಸಿದ ಒಂದು ಪದ್ಯವನ್ನು ಎಲ್ಲರಿಗೂ ಓದಿಹೇಳುವುದು.

ಈ ಬಗೆಯ ಕೂಡಿ ಓದುವಿಕೆ ನಮ್ಮ ಭಾಗಕ್ಕೆ ಹೊಸದಲ್ಲ. ಜಯನಗರಕ್ಕೆ ನೆರೆಯಾದ ನರಸಿಂಹರಾಜ ಕಾಲೋನಿಯಲ್ಲಿಯೇ ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಅಲ್ಲಿಯ ಅಧ್ಯಯನ ಗೋಷ್ಠಿಯಲ್ಲಿ ಅವರು ಗೀತೆಯನ್ನು ಕುರಿತು ನಡೆಸಿದ ವ್ಯಾಖ್ಯಾನವೇ ಬೆಳೆದು 'ಜೀವನಧರ್ಮಯೋಗ'ವಾಯಿತು, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದರೆ ಅಲ್ಲಿ ಗಡಿಯಾರವಿರಲಿಲ್ಲ. ಒಂದು ಶ್ಲೋಕ ಎಷ್ಟು ಹೊತ್ತು ಬೇಡುತ್ತದೆಯೋ ಅಷ್ಟು ಹೊತ್ತು. ನಮ್ಮದಾದರೋ ಕ್ಯಾಲೆಂಡರಿನ ಓದು. ಇದರಲ್ಲಿ ಕೆಡುಕಿದೆಯೆಂದು ನಾನು ಆರಂಭದಲ್ಲಿಯೇ ಗೊಣಗಿದೆ. ಕೆಡುಕು ಎಲ್ಲಿತ್ತೆಂಬುದು ಮುಂದೆ ತಿಳಿಯಿತು.

ಮೊದಲ ತಿಂಗಳಲ್ಲಿಯೇ ಸಲೀಸಿನ ಭ್ರಮೆ ಹರಿಯಿತು. ಭಾಮಿನೀ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳು ಉರುಳುತ್ತ ಹೋಗುತ್ತವೆ; ಪದಗಳು ಮಾತ್ರ ಸಾಲಿನ ಅಂಚಿಗೆ ಬಂದು ನಿಲ್ಲುವುದಿಲ್ಲ, ಅರ್ಧ ಇಲ್ಲಿ ಅರ್ಧ ಅಲ್ಲಿ ಎಂದು ಮುರಿದು ಮುಂದಿನ ಸಾಲಿಗೆ ಹಾಯುತ್ತವೆ. ಕಣ್ಣು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ, ಅರ್ಥ ನಿಂತಿರುವುದಿಲ್ಲ. ಸಂಧಿ ಬಿಡಿಸದ ಅಚ್ಚಿನಲ್ಲಿ ನಾಲ್ಕು ಪದ ಒಂದೇ ಪದದಂತೆ ಕುಳಿತಿರುತ್ತವೆ. ಗಮಕಿಗಳು ಇದನ್ನು ಎಷ್ಟು ಸುಲಭವಾಗಿ ಬಿಡಿಸಿಕೊಡುತ್ತಿದ್ದರೆಂಬುದು ಆಗ ಅರಿವಾಯಿತು. ಕೃಷ್ಣಗಿರಿ ಕೃಷ್ಣರಾಯರು ಬೆಂಗಳೂರಿನಲ್ಲಿ ಕುಮಾರವ್ಯಾಸನನ್ನು ಹಾಡಿದರೆ ಓದುಬರಹ ಬಾರದವರೂ ಕಿವಿಗೊಟ್ಟು ಕೂರುತ್ತಿದ್ದರೆಂದು ಹಿರಿಯರು ಹೇಳುವುದುಂಟು. 2022ರಲ್ಲಿ ಪದ್ಮಶ್ರೀ ಪಡೆದು ಆ ವರ್ಷವೇ ತೀರಿಕೊಂಡ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳು ಅದೇ ಹಾದಿಯವರು. ಕಿವಿಗೆ ಬರೆದ ಕಾವ್ಯವನ್ನು ಕಣ್ಣಿನಲ್ಲಿ, ಅದೂ ಆತುರದಲ್ಲಿ, ಮುಗಿಸಹೊರಟಿದ್ದೆವು ನಾವು.

ಆದಿಪರ್ವ ಹೇಗೋ ದಾಟಿತು. ಸಭಾಪರ್ವವನ್ನು ದ್ಯೂತವೇ ಎಳೆದುಕೊಂಡು ಹೋಯಿತು. ಅರಣ್ಯಪರ್ವದಲ್ಲಿ ನಾನು ಹಿಂದೆ ಬಿದ್ದೆ. ಇಪ್ಪತ್ತಮೂರು ಸಂಧಿ, ಸುಮಾರು ಎಂಟು ವಾರ. ಒಂದು ವಾರ ಮನೆಯಲ್ಲಿ ನೆಂಟರು, ಒಂದು ವಾರ ಜ್ವರ. ಓದದಿದ್ದ ಮೂರು ಸಂಧಿಗಳ ಎದುರು ರುಜು ಹಾಕಿದೆ. ಹಾಕುವಾಗ ಅಳುಕಲಿಲ್ಲವೆಂದೇ ಹೇಳಬೇಕು. ಕಥೆ ಗೊತ್ತಿತ್ತಲ್ಲ!

2024ರ ಫೆಬ್ರವರಿಯ ಮೊದಲ ಭಾನುವಾರ ಪದ್ಯ ಹೇಳುವ ಸರದಿ ನನ್ನದು. ಊರ್ವಶಿಯ ಪ್ರಸಂಗ ಎತ್ತಿಕೊಂಡೆ. ಅರ್ಜುನ ಇಂದ್ರನ ಪಟ್ಟಣಕ್ಕೆ ಹೋದದ್ದು, ಊರ್ವಶಿ ಬಂದದ್ದು, ಅವನು ಅವಳನ್ನು ತಾಯಿಯೆಂದದ್ದು, ಅವಳ ಶಾಪ, ಆ ಶಾಪವೇ ಮುಂದೆ ಬೃಹನ್ನಳೆಯ ವೇಷಕ್ಕೆ ಒದಗಿಬಂದದ್ದು, ಎಲ್ಲವನ್ನೂ ಅರ್ಧ ಗಂಟೆ ರಸವತ್ತಾಗಿ ನಿರೂಪಿಸಿದೆ. ತಲೆದೂಗಿದರು. ಟೀಚರಮ್ಮ ಮಾತ್ರ, "ಕಥೆ ಸೊಗಸಾಗಿ ಹೇಳಿದಿರಿ ರಾಯರೇ, ಪದ್ಯ ಯಾವುದು?" ಎಂದರು.

ಪುಸ್ತಕ ತೆರೆದೆ. ಬೈಂಡರು ಅಂಚು ಕತ್ತರಿಸುವಾಗ ಆ ಫಾರಮ್ಮಿನ ಎರಡು ಹಾಳೆಗಳ ಮೇಲುತುದಿ ತಪ್ಪಿಹೋಗಿ ಕೂಡಿಕೊಂಡೇ ಉಳಿದಿತ್ತು. ನಾನು ಹೇಳಿದ ಕಥೆ ಆ ಎರಡು ಹಾಳೆಗಳ ಒಳಗಿತ್ತು. ಇಷ್ಟು ವರ್ಷಗಳಲ್ಲಿ ಅಲ್ಲಿಗೆ ಬೆಳಕು ಹೋಗಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಟೀಚರಮ್ಮ ನೋಡಿದರು. ಏನೂ ಅನ್ನದೆ ಚೀಲದಿಂದ ಒಂದು ಮರದ ಸ್ಕೇಲು ತೆಗೆದು ನನ್ನ ಕೈಗಿತ್ತು, "ನಿಧಾನವಾಗಿ ಸೀಳಿ, ಹಳೆಯ ಕಾಗದ, ಹರಿದೀತು" ಎಂದರು. ಹನ್ನೊಂದು ಮಂದಿಯ ಎದುರು ನಾನು ಆ ಅಂಚು ಸೀಳಿದೆ. ಆ ಸದ್ದು ಈಗಲೂ ಕೇಳಿಸುತ್ತದೆ.

ನೋಟುಬುಕ್ಕಿನ ಮೂರು ರುಜುಗಳನ್ನೂ ಅಂದೇ ಹೊಡೆದುಹಾಕಿದೆ. ಒಮ್ಮೆ ಬರೆದದ್ದನ್ನು ಅಳಿಸಿ ತಿದ್ದುವವನು ತಾನಲ್ಲವೆಂದು ಕವಿ ಪೀಠಿಕೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅವನ ಓದುಗನಿಗೆ ಆ ಅಗ್ಗಳಿಕೆ ದಕ್ಕಲಿಲ್ಲ. ಬಾಕಿ ತೀರಿಸಲು ಬೆಳಗಿನ ಜಾವ ನಾಲ್ಕೂವರೆಗೆದ್ದು ಗಟ್ಟಿಯಾಗಿ ಓದತೊಡಗಿದೆ. ಮನೆಯವರು ಮೊದಮೊದಲು ಬೈದರು, ಆಮೇಲೆ ಅಡುಗೆಮನೆಯಿಂದಲೇ "ಅದನ್ನ ಇನ್ನೊಂದು ಸಲ ಓದಿ" ಎನ್ನತೊಡಗಿದರು.

ಮಾರ್ಚ್ ತಿಂಗಳಿಗೆ ಸರಿಯಾಗಿ ವಿರಾಟಪರ್ವ ಬಂತು. ಆ ಬೇಸಿಗೆ ಬೆಂಗಳೂರಿನವರಾರೂ ಮರೆಯುವಂತಿಲ್ಲ. ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು. ಐದು ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಆಡಳಿತದವರು ದರ ಗೊತ್ತುಮಾಡಿದ್ದರು; ಟ್ಯಾಂಕರ್ ಬರುವುದು ಮಾತ್ರ ಗೊತ್ತಿರಲಿಲ್ಲ. ಬರ ಬಂದಾಗ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸುವ ಪದ್ಧತಿ ನಮ್ಮ ನಾಡಿನಲ್ಲಿ ಹಿಂದಿನಿಂದ ಬಂದದ್ದು. ಓದಿದರೆ ಮಳೆ ಬರುವುದೆಂಬ ನಂಬಿಕೆ. ಬ್ಯಾಂಕಿನವರು, "ಹೇಗೂ ಓದುತ್ತೇವೆ, ಸ್ವಲ್ಪ ಗಟ್ಟಿಯಾಗಿ ಓದೋಣ" ಎಂದು ನಕ್ಕರು. ಟೀಚರಮ್ಮ ನಗಲಿಲ್ಲ. ಅವರ ಬಾಲ್ಯದ ಊರಿನಲ್ಲಿ ಗುಡಿಯ ಮುಂದೆ ಓದಿಸಿದ್ದನ್ನು ಅವರು ಕಂಡವರು. ಆ ಸಂಜೆ, ಕೀಚಕನಿಂದ ಅವಮಾನಗೊಂಡ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಭಾಗವನ್ನು ಅವರೇ ಓದಿದರು. ಐವರು ಗಂಡಂದಿರಿದ್ದೂ ಕಾಯುವವರಿಲ್ಲದ ಹೆಂಗಸಿನ ಮಾತು ಅದು. ರಾಗವಿಲ್ಲದೆ, ತರಗತಿಯಲ್ಲಿ ಪಾಠ ಓದುವಂತೆ ಓದಿದರು. ನಡುವೆ ಒಂದು ಕಡೆ ನಿಂತು ನೀರು ಕೇಳಿದರು. ಮನೆಯೊಡೆಯರು ಅರ್ಧ ಲೋಟ ತಂದುಕೊಟ್ಟರು; ಆ ತಿಂಗಳ ಅಳತೆ ಅದೇ.

ಮಳೆ ಬರಲಿಲ್ಲ. ಉದ್ಯೋಗಪರ್ವ ಬಂತು. ಕೃಷ್ಣನು ಕರ್ಣನನ್ನು ಬಳಿಗೆ ಕರೆದು ಹುಟ್ಟಿನ ಗುಟ್ಟು ಹೇಳುವ ಭಾಗವನ್ನು ಆ ಹುಡುಗಿ ಹೈಸ್ಕೂಲಿನ ಪಠ್ಯದಲ್ಲಿ ಓದಿ, ಸಾರಾಂಶ ಬರೆದು, ಅಂಕ ಗಳಿಸಿದ್ದವಳು. "ಆಗ ಕೃಷ್ಣ ಒಳ್ಳೆಯವನ ಹಾಗೆ ಕಂಡಿದ್ದ ಸರ್, ಈಗ ಭಯವಾಗ್ತಿದೆ" ಎಂದಳು. ಎಪ್ಪತ್ತಕ್ಕೂ ಹೆಚ್ಚು ಸಂಧಿಗಳಲ್ಲಿ ಆ ಕೃಷ್ಣನ ಒಡನಾಟ ಮಾಡಿಬಂದವರಿಗೆ ಅವನ ಸಲಿಗೆಯ ಒಂದೊಂದು ಮಾತಿನ ಹಿಂದೆಯೂ ಲೆಕ್ಕ ಕಾಣುತ್ತದೆ. ಲೆಕ್ಕದ ಹಿಂದೆ ಮತ್ತೆ ಪ್ರೀತಿಯೂ ಕಾಣುತ್ತದೆ. ನನ್ನ ಮೂವತ್ತು ವರ್ಷದ ಭಾಷಣಗಳಲ್ಲಿ ಈ ಮಾತು ಇರಲಿಲ್ಲ.

ಯುದ್ಧಪರ್ವಗಳಲ್ಲಿ ಬೇಸರದ ಎಡೆಗಳಿವೆ ಎನ್ನಲು ನನಗೆ ಸಂಕೋಚವಿಲ್ಲ. ಆನೆ ಬೀಳುತ್ತದೆ, ರಥ ಮುರಿಯುತ್ತದೆ, ಬಾಣ ಬಾಣವನ್ನು ಕಡಿಯುತ್ತದೆ. ಕರ್ಣಪರ್ವವೊಂದೇ ಇಪ್ಪತ್ತೇಳು ಸಂಧಿ. ಹನ್ನೊಂದು ಮಂದಿಯಲ್ಲಿ ಆರು ಮಂದಿ ಬಿಟ್ಟುಹೋದದ್ದು ಈ ದಾರಿಯಲ್ಲಿಯೇ. ಅವರನ್ನು ನಾನು ದೂರುವುದಿಲ್ಲ. ಓದದೆ ರುಜು ಹಾಕುವುದಕ್ಕಿಂತ ಎದ್ದುಹೋಗುವುದು ಮೇಲು.

ದ್ರೋಣಪರ್ವದ ಆರಂಭದಲ್ಲಿ ಮಳೆ ಬಂತು. 2024ರ ಜೂನ್ 2, ಭಾನುವಾರ. ಒಂದೇ ದಿನದಲ್ಲಿ 111 ಮಿಲಿಮೀಟರ್. ಜೂನ್ ತಿಂಗಳ ದಿನವೊಂದರಲ್ಲಿ ಅಷ್ಟು ಮಳೆ ಬೆಂಗಳೂರಿನಲ್ಲಿ 133 ವರ್ಷಗಳಿಂದ ಬಿದ್ದಿರಲಿಲ್ಲವಂತೆ. ವಿರಾಟಪರ್ವದಲ್ಲಿ ಕೊಟ್ಟ ಅರ್ಜಿ ದ್ರೋಣಪರ್ವದಲ್ಲಿ ಇತ್ಯರ್ಥವಾಯಿತು ಎಂದರು ಬ್ಯಾಂಕಿನವರು. ಅಂದು ಕೂಡಿ ಓದಬೇಕಾಗಿದ್ದುದು ಅಭಿಮನ್ಯುವಿನ ಸಂಧಿ. ಹುಡುಗ ವ್ಯೂಹದೊಳಗೆ ನುಗ್ಗುವ ಹೊತ್ತಿಗೆ ದೀಪ ಹೋಯಿತು, ಕಿಟಕಿಯಿಂದ ಎರಚಲು ಹೊಡೆಯಿತು. ಪುಸ್ತಕಗಳನ್ನು ಸೆರಗಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಎಲ್ಲರೂ ಎದ್ದೆವು. ಮುಂದಿನ ವಾರ ಮುಂದಿನ ಸಂಧಿಗಳು.

ಅಕ್ಟೋಬರ್ 13ರ ಭಾನುವಾರ, ವಿಜಯದಶಮಿಯ ಮರುದಿನ, ಗದಾಪರ್ವದ ಕಡೆಯ ಸಂಧಿ ಓದಿ ಮುಗಿಸಿದೆವು. ಧರ್ಮರಾಯನಿಗೆ ಪಟ್ಟವಾಯಿತು. ಕುಮಾರವ್ಯಾಸ ಅಲ್ಲಿಗೆ ನಿಲ್ಲಿಸುತ್ತಾನೆ; ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಉಳಿದವರು ಐವರು. ಮನೆಯೊಡತಿ ಕೋಸಂಬರಿ, ಪಾನಕ ತಂದಿಟ್ಟರು. ಹುಡುಗಿ ನೋಟುಬುಕ್ಕು ತಿರುವುತ್ತ ರುಜುಗಳನ್ನು ಎಣಿಸುತ್ತಿದ್ದವಳು, "ಸರ್, 151 ಇದೆ" ಎಂದಳು. ಮತ್ತೆ ಎಣಿಸಿದಳು. ಜೂನ್ 2ರ ಆ ಒಂದು ಸಂಧಿಯ ಎದುರು ಐವರ ಸಾಲೂ ಖಾಲಿ. ಕೂಡಿ ಓದುವ ಸಂಧಿಯೆಂದು ಯಾರೂ ಮನೆಯಲ್ಲಿ ಓದಿರಲಿಲ್ಲ. ಮಗನಿಗಾಗಿ ಅರ್ಜುನ ಅತ್ತದ್ದನ್ನು ಓದಿದ್ದೆವು, ಸೈಂಧವನ ವಧೆಯನ್ನು ಓದಿದ್ದೆವು, ನಡುವೆ ಅಭಿಮನ್ಯು ಸತ್ತದ್ದನ್ನು ಓದಿಲ್ಲವೆಂಬುದು ನಾಲ್ಕು ತಿಂಗಳು ಒಬ್ಬರಿಗೂ ತೋಚಿರಲಿಲ್ಲ. ಅಂಚು ಸೀಳಿದ ಮೇಲೆಯೂ ನನಗೆ ತೋಚಿರಲಿಲ್ಲ.

ಯಾರೂ ನಗಲಿಲ್ಲ. ಪಾನಕದ ಲೋಟಗಳನ್ನು ಒತ್ತಟ್ಟಿಗೆ ಸರಿಸಿದೆವು. ಟೀಚರಮ್ಮ ಕನ್ನಡಕ ಒರೆಸಿಕೊಂಡು, "ರಾಯರೇ, ನೀವೇ ಓದಿ" ಎಂದರು. ದ್ರೋಣಪರ್ವವನ್ನು ಮತ್ತೆ ತೆರೆದು, ವ್ಯೂಹದ ಬಾಗಿಲಲ್ಲಿ ಬಿಟ್ಟಿದ್ದ ಪದ್ಯವನ್ನು ಹುಡುಕಿ, ಅಲ್ಲಿಂದ ಗಟ್ಟಿಯಾಗಿ ಓದತೊಡಗಿದೆ.